ನೀರು ಕೊಟ್ಟ ಮಾಸ್ತರ

"ಅಯ್ಯನವರೇ, ಶಾಲೆ ಕಟ್ಟಲು ಹೊರಟವರಿಗಾಗಿ ಒಂದು ಪ್ರಾರ್ಥನೆ ಮಾಡಲು ನಿಮಗೇಕೆ ಬಾಯಿ ಬರುವುದಿಲ್ಲ?"

ಕೇಳಿದವನು ಸುಜ್ಞಾನ. ಚರ್ಚಿನ ಸಭೆಯ ಯುವಕರ ತಂಡ ಕಟ್ಟಿಕೊಂಡು ಕಡಲಾಚೆಯ ಒಂದು ದೇಶಕ್ಕೆ ಹೊರಟಿದ್ದ. ಅಲ್ಲಿಯ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಶಾಲೆ ಕಟ್ಟಿಕೊಟ್ಟು ಬರುವುದು ಅವರ ಸೇವೆ. ಬರುವ ಭಾನುವಾರ ಆರಾಧನೆಯ ಕೊನೆಗೆ ತಂಡವನ್ನು ಹರಸಿ ಕಳುಹಿಸಬೇಕೆಂದು ಸಭೆಯವರು ಹನೋಕ ಅಯ್ಯನವರನ್ನು ಕೇಳಿದ್ದರು. ಹನೋಕರು ನಿವೃತ್ತ ಸಭಾಪಾಲಕರು. ಸುಜ್ಞಾನನಿಗೆ ಪ್ರಸಂಗ ಮಾಡಲು ಕಲಿಸಿದವರೂ ಅವರೇ. ಬರುವುದಿಲ್ಲ ಎಂದು ಅವರು ಹೇಳಿ ಕಳುಹಿಸಿದ್ದರು. ಕಾರಣ ಹೇಳಿರಲಿಲ್ಲ.

"ಕೂತುಕೋ" ಎಂದರು ಹನೋಕರು. "ನಿಂತುಕೊಂಡು ಜಗಳ ಆಡಬೇಡ. ತಲೆ ಎತ್ತಿ ನೋಡಿ ನೋಡಿ ನನ್ನ ಕುತ್ತಿಗೆ ನೋಯುತ್ತದೆ."

ಸುಜ್ಞಾನ ಕೂತ. "ಜಗಳ ಅಲ್ಲ ಅಯ್ಯನವರೇ. ನಮಗೆ ನೋವಾಗಿದೆ. ಒಳ್ಳೆಯ ಮನಸ್ಸಿನಿಂದ ಹೊರಟಿದ್ದೇವೆ. ಅದರಲ್ಲಿ ಏನು ಕೆಟ್ಟದ್ದು ಕಂಡಿತು ನಿಮಗೆ?"

"ಮನಸ್ಸು ಒಳ್ಳೆಯದೇ. ನಾನು ಅಲ್ಲ ಅಂದೆನೇ? ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ. ಹಾಕುತ್ತೀ ಅಂತ ಗೊತ್ತು, ಆದರೂ ಹೇಳಿದೆ."

ಒಂದು ಸಭೆ ಇತ್ತು ತಮ್ಮಾ. ಆ ಸಭೆಯಲ್ಲಿ ಒಬ್ಬ ಮರದ ವ್ಯಾಪಾರಿ ಇದ್ದ. ಕತೆಯಲ್ಲಿ ವ್ಯಾಪಾರಿ ಬಂದ ಕೂಡಲೇ ಇವನು ಮೋಸಗಾರ ಅಂದುಕೊಂಡು ಕೂರಬೇಡ. ಇವನು ಒಳ್ಳೆಯವನು. ಅಳತೆಯಲ್ಲಿ ಮೋಸ ಮಾಡಿದವನಲ್ಲ, ಆಳುಗಳನ್ನು ಬೈದವನಲ್ಲ. ಯಾರ ಮನೆಯಲ್ಲಿ ಸಾವು ಆದರೂ ಮೊದಲು ಹೋಗಿ ನಿಲ್ಲುತ್ತಿದ್ದವನು ಇವನೇ. ಕಡಲಾಚೆಯ ಒಂದು ಹಳ್ಳಿಯಲ್ಲಿ ಮಕ್ಕಳು ಆಡಿನ ಕೊಟ್ಟಿಗೆಯಲ್ಲಿ ಕೂತು ಓದುತ್ತಾರೆ ಎಂದು ಯಾರೋ ಅವನಿಗೆ ಹೇಳಿದರು. ಆ ದಿನ ಅವನಿಗೆ ಅನ್ನ ಸೇರಲಿಲ್ಲ. ಭಾನುವಾರ ಸಭೆಯ ನಡುವೆ ಎದ್ದು ನಿಂತು ಅತ್ತೇಬಿಟ್ಟ. "ಹಣ ಕಳಿಸಿ ಕೈತೊಳೆದುಕೊಳ್ಳುವುದು ಬೇಡ, ನಾವೇ ಹೋಗಿ ನಮ್ಮ ಕೈಯಾರೆ ಕಟ್ಟೋಣ" ಎಂದ. ಜನ ಸೇರಿದರು. ಒಬ್ಬಳು ದಾದಿ, ಕೆಲವು ಕಾಲೇಜು ಹುಡುಗರು, ನೌಕರಿ ಮುಗಿಸಿ ಮನೆಯಲ್ಲಿದ್ದ ಒಬ್ಬ ಗುಮಾಸ್ತ ಮತ್ತು ಅವನ ಹೆಂಡತಿ. ಗೋಡೆ ಕಟ್ಟುವ ಕೆಲಸ ಒಬ್ಬರಿಗೂ ಬರುತ್ತಿರಲಿಲ್ಲ. ಹುರುಪಿಗೇನೂ ಕಡಿಮೆ ಇರಲಿಲ್ಲ.

ಇನ್ನು ಆ ಹಳ್ಳಿಯ ವಿಷಯ. ಕೊಟ್ಟಿಗೆಯ ಮಾತು ಸುಳ್ಳಲ್ಲ. ಬೆಳಿಗ್ಗೆ ಆಡುಗಳು ಮೇಯಲು ಹೋದ ಮೇಲೆ ಅಲ್ಲಿಯ ಮಾಸ್ತರ ಹಿಕ್ಕೆ ಗುಡಿಸುತ್ತಿದ್ದ. ಮಕ್ಕಳು ಬಂದು ನೆಲದ ಮೇಲೆ ಕೂರುತ್ತಿದ್ದರು. ನಾತ ಇತ್ತು, ನೊಣ ಇತ್ತು. ಪಾಠವೂ ಇತ್ತು. ಮಾಸ್ತರ ಅದೇ ಹಳ್ಳಿಯವನು. ದೂರದ ಪಟ್ಟಣದಲ್ಲಿ ಓದಿದ್ದ. ಅಲ್ಲೇ ಉಳಿದಿದ್ದರೆ ಸುಖವಾಗಿ ಇರಬಹುದಿತ್ತು. ಉಳಿಯದೆ ತಿರುಗಿ ಬಂದ.

ಆ ಸೀಮೆಯಲ್ಲಿ ಹುಡುಗಿಯರನ್ನು ಎಳೆಯ ವಯಸ್ಸಿಗೇ ಮದುವೆ ಮಾಡಿ ಕಳುಹಿಸುತ್ತಿದ್ದರು. ಗುಡ್ಡದಾಚೆಯವರು ಕೇಳಿಕೊಂಡು ಬರುತ್ತಿದ್ದರು. ಕಾರಣ ಇಲ್ಲದೆ ಕೊಡುವುದಿಲ್ಲ ಅಂದರೆ ಎರಡು ಮನೆಗಳಿಗೂ ತಲೆತಲಾಂತರದ ದ್ವೇಷ. ಮಾಸ್ತರ ಮನೆಮನೆ ತಿರುಗಿದ. ಕೆಲವರು ಬೈದರು, ಒಬ್ಬ ಕಲ್ಲು ಬೀಸಿದ. ಬಿಡಲಿಲ್ಲ ಪುಣ್ಯಾತ್ಮ. ಕೊನೆಗೆ ಊರ ಹಿರಿಯನ ಎದುರಿನಲ್ಲಿ, ಗುಡ್ಡದಾಚೆಯವರನ್ನೂ ಕೂರಿಸಿ, ಒಂದು ಕರಾರು ಮಾಡಿಸಿಕೊಂಡ. ಪಾಠಕ್ಕೆ ಕೂರುವ ಹುಡುಗಿಯನ್ನು ಯಾರೂ ಕೇಳುವಂತಿಲ್ಲ. ಬಂದವರಿಗೆ "ಪಾಠಕ್ಕೆ ಕೂತಿದ್ದಾಳೆ" ಎಂದು ತಂದೆ ಹೇಳಿದರೆ ಸಾಕು, ಅವರು ಮುನಿಸಿಕೊಳ್ಳದೆ ಹಿಂದಿರುಗಬೇಕು. ಆದರೆ ಕರಾರಿಗೆ ಒಂದು ಷರತ್ತೂ ಇತ್ತು. ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಯ ತನಕ ಪಾಠವೇ ನಡೆಯದಿದ್ದರೆ ಕರಾರು ಮುರಿಯುತ್ತದೆ. ಆಮೇಲೆ ಕೇಳಿದರೆ ಕೊಡಲೇಬೇಕು. ಮಾಸ್ತರ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡಿದ್ದ. ಪಾಠ ಯಾಕೆ ನಿಲ್ಲುತ್ತದೆ? ಚಳಿಜ್ವರ ಬಂದಾಗಲೂ ಕಂಬಳಿ ಹೊದ್ದುಕೊಂಡು ಬಂದು ಕೊಟ್ಟಿಗೆಯಲ್ಲಿ ಕೂತವನು ಅವನು.

ಆ ಮಕ್ಕಳಲ್ಲಿ ಒಬ್ಬಳು ಹುಡುಗಿ ಇದ್ದಳು. ಆಡು ಕಾಯುವವನ ಮಗಳು. ಬಲು ಚುರುಕು. ಮಾಸ್ತರ ತನಗೆ ಬರುತ್ತಿದ್ದ ಲೆಕ್ಕವನ್ನೆಲ್ಲ ಅವಳಿಗೆ ಕಲಿಸಿ ಮುಗಿಸಿದ್ದ. ಮುಂದಿನ ವರ್ಷ ಅವಳನ್ನು ಪಟ್ಟಣದ ಶಾಲೆಗೆ ಸೇರಿಸಬೇಕು, ಅವಳು ಓದಿ ಬಂದು ತನ್ನ ಜೊತೆ ಪಾಠ ಹೇಳಬೇಕು, ಇದೊಂದೇ ಅವನ ಆಸೆ. ಅವಳ ಆಸೆಯೂ ಅದೇ. ಗುಡ್ಡದಾಚೆಯ ಒಂದು ಮನೆಯವರು ಆಗಲೇ ಅವಳನ್ನು ಕೇಳಿಕೊಂಡು ಬಂದು, ಪಾಠಕ್ಕೆ ಕೂತಿದ್ದಾಳೆ ಎಂಬ ಉತ್ತರ ಕೇಳಿಸಿಕೊಂಡು ಹೋಗಿದ್ದರು. ಅವರಿಗೆ ಅವಳ ಮೇಲೆ ಕಣ್ಣಿತ್ತು. ಕಾಯುತ್ತಿದ್ದರು.

"ಪಾಠ ನಿಂತುಹೋಯಿತೇ ಅಯ್ಯನವರೇ?" ಎಂದ ಸುಜ್ಞಾನ.

"ಹಾಕಿದೆಯಾ ಬಾಯಿ? ಸುಮ್ಮನೆ ಕೂರು."

ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಪರವೂರಿನವನು ಬಂದರೆ ಅವನಿಗೆ ಮೊದಲು ನೀರು ಕೊಟ್ಟವನೇ ಅವನ ಹೊಣೆಗಾರ. ಅತಿಥಿ ಊರ ಗಡಿ ದಾಟುವ ತನಕ ಹೊಣೆಗಾರ ಅವನನ್ನು ಬಿಟ್ಟು ಕದಲುವಂತಿಲ್ಲ. ದಾರಿಯಲ್ಲಿ ಅವನ ಮುಂದೆ ನಡೆಯಬೇಕು, ಅವನು ಉಂಡ ಮೇಲೆ ಉಣ್ಣಬೇಕು, ಅವನ ಬಾಗಿಲಲ್ಲಿ ಮಲಗಬೇಕು. ಅಷ್ಟು ದಿನ ತನ್ನ ಸ್ವಂತ ಕೆಲಸಕ್ಕೆ ಕೈ ಹಾಕುವಂತಿಲ್ಲ. ಹಾಕಿದರೆ, ನೀನು ನಮಗೆ ಭಾರವಾಗಿದ್ದೀ ಎಂದು ಅತಿಥಿಯ ಮುಖಕ್ಕೆ ಹೇಳಿದ ಹಾಗೆ. ನಗಬೇಡ. ನಮ್ಮ ಮನೆಗೆ ಬಂದವರು ಹೊರಡುತ್ತೇನೆ ಅಂದಾಗ, ಇನ್ನೊಂದು ದಿನ ಇದ್ದು ಹೋಗಿ ಅನ್ನುತ್ತೇವಲ್ಲ, ಎಷ್ಟು ಸಲ ಮನಸ್ಸಿನಿಂದ ಅಂದಿದ್ದೇವೆ? ಅಲ್ಲಿಯ ಗುಡ್ಡದ ದಾರಿ ಕೆಟ್ಟದ್ದು, ಹೊಳೆ ಇನ್ನೂ ಕೆಟ್ಟದ್ದು. ಹಿಂದೆ ಯಾರೋ ಬಂದವರು ಸತ್ತಿರಬೇಕು, ಅದಕ್ಕೇ ಈ ಕಟ್ಟಳೆ. ಆ ಊರಿಗೆ ಬರುತ್ತಿದ್ದವರೆಂದರೆ ಉಪ್ಪು ಮಾರುವವರು. ಒಂದು ರಾತ್ರಿ ತಂಗಿ ಹೋಗುವವರು. ಅಂಥವರಿಗಾಗಿ ಮಾಡಿದ ಪದ್ಧತಿ. ಯಾರಾದರೂ ಬರುವುದು ಕಂಡರೆ ಊರ ಹಿರಿಯ ಒಬ್ಬ ಮುದುಕನ ಕೈಯಲ್ಲಿ ತಂಬಿಗೆ ಕೊಟ್ಟು ಕಳುಹಿಸುತ್ತಿದ್ದ. ಮುದುಕನಿಗೆ ಹೇಗೂ ಬೇರೆ ಕೆಲಸ ಇರಲಿಲ್ಲ.

ತಂಡ ಬಂದದ್ದು ಹುಣ್ಣಿಮೆಯ ಮರುದಿನ ಬೆಳಿಗ್ಗೆ, ಆ ದಿನದ ಪಾಠ ಶುರುವಾಗುವ ಮೊದಲೇ. ಮುದುಕ ತಂಬಿಗೆ ಹಿಡಿದು ಹೊರಟ. ಅವನ ನಡಿಗೆ ನಿಧಾನ. ಮಾಸ್ತರ ಕೊಟ್ಟಿಗೆಯಿಂದ ಹೊರಗೆ ಬಂದು ನೋಡಿದ. ಶಾಲೆ ಕಟ್ಟುವವರು ಗುಡ್ಡ ಇಳಿದು ಬರುತ್ತಿದ್ದಾರೆ! ಎಷ್ಟು ವರ್ಷ ಬೇಡಿಕೊಂಡಿದ್ದನೋ ಪಾಪ. ಸಂತೋಷದಲ್ಲಿ ಅವನು ಮೈಮರೆತ. ಮಕ್ಕಳು ಕುಡಿಯುವ ನೀರಿನ ಮಡಕೆಯನ್ನು ಎತ್ತಿಕೊಂಡು ಓಡಿದ. ಮುದುಕನನ್ನು ದಾಟಿ ಓಡಿದ. ವ್ಯಾಪಾರಿಗೆ, ದಾದಿಗೆ, ಹುಡುಗರಿಗೆ, ಎಲ್ಲರಿಗೂ ತನ್ನ ಕೈಯಿಂದಲೇ ಬಗ್ಗಿಸಿ ಕೊಟ್ಟ. ಬಿಸಿಲಲ್ಲಿ ನಡೆದು ಬಂದವರು ಗಟಗಟನೆ ಕುಡಿದರು.

ಊರ ಹಿರಿಯ ಹಣೆ ಚಚ್ಚಿಕೊಂಡ. "ಅಯ್ಯೋ ಹುಚ್ಚಪ್ಪಾ, ಎಂಥ ಕೆಲಸ ಮಾಡಿಕೊಂಡೆ! ಇನ್ನು ಇವರು ಹೋಗುವ ತನಕ ಪಾಠ ಹೇಳುವವರು ಯಾರು?"

ಮಾಸ್ತರನ ಮುಖ ಸಣ್ಣದಾಯಿತು. ಆದರೂ ಹೇಳಿದ, "ಹುಣ್ಣಿಮೆಗೆ ಮೊದಲೇ ಮುಗಿಸಿ ಹೋಗುತ್ತಾರಂತೆ. ಹೋದ ಮರುದಿನವೇ ಪಾಠ ಶುರು ಮಾಡುತ್ತೇನೆ."

ಕೆಲಸ ಶುರುವಾಯಿತು. ಮಾಸ್ತರ ಬೆಳಗಿನಿಂದ ಸಂಜೆಯ ತನಕ ಅತಿಥಿಗಳ ಜೊತೆ. ಕಲ್ಲು ತರಲು ಹೋದರೆ ಮುಂದೆ, ಹೊಳೆಗೆ ಹೋದರೆ ಮುಂದೆ. ಪಟ್ಟಣದಲ್ಲಿ ಇಂಗ್ಲಿಷ್ ಕಲಿತಿದ್ದರಿಂದ ಅವರ ಮಾತು ಊರಿನವರಿಗೆ ಹೇಳುವವನೂ ಅವನೇ, ಊರಿನವರ ಮಾತು ಅವರಿಗೆ ಹೇಳುವವನೂ ಅವನೇ. ಕೊಟ್ಟಿಗೆಯಲ್ಲಿ ಮಕ್ಕಳು ಮೊದಲ ದಿನ ಬಂದು ಕೂತರು, ಎದ್ದು ಹೋದರು. ಆಮೇಲೆ ಕಟ್ಟಡದ ಹತ್ತಿರವೇ ಬರತೊಡಗಿದರು. ಹೊಸ ಮನುಷ್ಯರು, ಹೊಸ ಹಾಡು, ಬಿಸ್ಕತ್ತು. ಮಕ್ಕಳಿಗೆ ಇನ್ನೇನು ಬೇಕು?

ವ್ಯಾಪಾರಿಗೆ ಖುಷಿಯೋ ಖುಷಿ. ಒಂದು ದಿನ ಕೇಳಿದ, "ಮಾಸ್ತರೇ, ಇವರಿಗೆ ಪಾಠ ಇಲ್ಲವೇ?"

ಕೇಳಿದ ನೋಡು. ಕೇಳಲೇ ಇಲ್ಲ ಎಂದು ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಆದರೆ ಹೊಣೆಗಾರ ಏನು ಹೇಳಬೇಕು? ನಿಮ್ಮಿಂದಾಗಿ ನಿಂತಿದೆ ಅನ್ನಬೇಕೇ? "ನೀವು ಇರುವ ತನಕ ಮಕ್ಕಳಿಗೆ ಹಬ್ಬ" ಎಂದ ಮಾಸ್ತರ. ಆ ಸಂಜೆಯ ಪ್ರಾರ್ಥನೆಯಲ್ಲಿ ವ್ಯಾಪಾರಿ ಆ ಮಾತನ್ನು ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸಿದ.

ಮೋಡ ಕವಿಯಿತು. ಸಿಮೆಂಟ್ ಚೀಲಗಳನ್ನು ಇಡಲು ನೆನೆಯದ ಜಾಗ ಬೇಕು ಎಂದರು. ಅತಿಥಿ ಬೇಕು ಎಂದ ಮೇಲೆ ಇಲ್ಲ ಎನ್ನುವುದುಂಟೇ? ಮಾಸ್ತರ ಕೊಟ್ಟಿಗೆ ತೋರಿಸಿದ. ಕಾಲೇಜು ಹುಡುಗರು ಹಾಡು ಹೇಳಿಕೊಂಡು ಚೀಲಗಳನ್ನು ಸಾಗಿಸಿ, ಸೂರಿನ ತನಕ ಒಟ್ಟಿದರು. ಆಡುಗಳನ್ನು ಹೊರಗೆ ಕಟ್ಟಿದರು. ಈ ಮಕ್ಕಳು ಈ ತನಕ ಎಲ್ಲಿ ಕೂತು ಓದುತ್ತಿದ್ದರು ಎಂಬುದು ಅವರಲ್ಲಿ ಒಬ್ಬನಿಗೂ ನೆನಪಾಗಲಿಲ್ಲ. ಆ ಕೊಟ್ಟಿಗೆಯ ಕತೆ ಕೇಳಿ ಅತ್ತವರೇ ಅವರು.

ಗೋಡೆ ಎದ್ದಿತು. ಇನ್ನು ಚಾವಣಿಯ ತಗಡು ಬರಬೇಕು. ಅಷ್ಟರಲ್ಲಿ ಹೊಳೆ ತುಂಬಿತು. ತಗಡು ಆಚೆ ದಡದಲ್ಲಿ ಉಳಿಯಿತು. ಅದೇ ವಾರ ಒಬ್ಬ ಕಾಲೇಜು ಹುಡುಗ ಹೊಳೆ ನೋಡುತ್ತೇನೆ ಎಂದು ಹೋಗಿ ಕಾಲು ಜಾರಿ ಬಿದ್ದ. ಮುಂದೆ ನಡೆಯುತ್ತಿದ್ದ ಮಾಸ್ತರ ತಿರುಗಿ ಅವನ ಜುಟ್ಟು ಹಿಡಿದು ಎಳೆಯದಿದ್ದರೆ ಹುಡುಗನ ಹೆಣವೂ ಸಿಗುತ್ತಿರಲಿಲ್ಲ. ಅದಕ್ಕೇ ಹೇಳಿದೆ, ಆ ಪದ್ಧತಿ ಕೇಳಿ ನಗಬೇಡ ಎಂದು.

ಹುಣ್ಣಿಮೆ ಹತ್ತಿರ ಬಂತು. ಕರಾರು ಉಳಿಯಲು ಒಂದೇ ಒಂದು ಬೆಳಿಗ್ಗೆ ಪಾಠ ನಡೆದರೆ ಸಾಕಿತ್ತು. ಒಂದೇ ಬೆಳಿಗ್ಗೆ. ಹುಡುಗಿ ಕಟ್ಟಡಕ್ಕೆ ನೀರು ಹೊರುವ ನೆಪದಲ್ಲಿ ಮಾಸ್ತರನ ಹತ್ತಿರ ಬಂದಳು.

"ಮಾಸ್ತರೇ, ನಾಳೆಯಾದರೂ ಪಾಠ ಇದೆಯೇ? ಗುಡ್ಡದಾಚೆಯವರು ಮತ್ತೆ ಬರುತ್ತಾರಂತೆ. ಏನು ಹೇಳಲಿ ಎಂದು ಅಪ್ಪ ಕೇಳುತ್ತಿದ್ದಾನೆ."

ಮಾಸ್ತರ ಅಲ್ಲೇ ಬಿದ್ದಿದ್ದ ಒಂದು ಮೊಳೆ ತೆಗೆದುಕೊಂಡು, ಆಗಷ್ಟೇ ಗಿಲಾವು ಮಾಡಿದ ಹಸಿ ಗೋಡೆಯ ಮೇಲೆ ಒಂದು ಲೆಕ್ಕ ಬರೆದ. ಹುಡುಗಿ ಕೊಡ ಇಳಿಸಿ ಅದನ್ನು ಬಿಡಿಸತೊಡಗಿದಳು. ಇದನ್ನೇ ಪಾಠ ಎನ್ನಬಹುದೇ, ಊರಿನವರು ಒಪ್ಪಿಕೊಂಡಾರೇ ಎಂದು ಮಾಸ್ತರ ಸುತ್ತ ನೋಡಿದ. ಅಷ್ಟರಲ್ಲಿ ವ್ಯಾಪಾರಿ ಬಂದ. ನಕ್ಕ. "ಮಕ್ಕಳ ಚೇಷ್ಟೆ ನೋಡಿ!" ಎಂದು ಹುಡುಗಿಯ ಕೆನ್ನೆ ತಟ್ಟಿ, ಕರಣೆಯಿಂದ ಗೋಡೆ ನುಣ್ಣಗೆ ಸವರಿದ. ಲೆಕ್ಕ ಅಳಿಸಿಹೋಯಿತು. ಹುಡುಗಿ ಕೊಡ ಎತ್ತಿಕೊಂಡು ಹೋದಳು.

ಆ ಸಂಜೆ ಮಾಸ್ತರ ಊರ ಹಿರಿಯನ ಕಾಲು ಹಿಡಿದ. "ಒಂದು ಬೆಳಿಗ್ಗೆ ನನ್ನನ್ನು ಬಿಡಿಸಿ" ಎಂದ. ಹಿರಿಯನೂ ಕಟುಕನಲ್ಲ. ಆದರೆ ಆಗಷ್ಟೇ ಒಬ್ಬ ಹೊಳೆಗೆ ಬಿದ್ದಿದ್ದ. "ನೀನು ಪಾಠ ಹೇಳುವಾಗ ಇನ್ನೊಬ್ಬ ಬಿದ್ದು ಸತ್ತರೆ ಊರಿಗೆ ಊರೇ ಮುಖ ಎತ್ತಿ ತಿರುಗುವ ಹಾಗಿಲ್ಲ. ಅವರೇ ಹೊರಡಲಿ ಎಂದು ಬೇಡಿಕೋ" ಎಂದ.

ಇತ್ತ ದಾದಿ ವ್ಯಾಪಾರಿಗೆ ಹೇಳುತ್ತಿದ್ದಳು. ಏನೋ ಸರಿಯಿಲ್ಲ ಎಂಬುದು ಅವಳ ಕಣ್ಣಿಗೆ ಕಂಡಿತ್ತು. "ಈ ಜನ ಸೊರಗಿದ್ದಾರೆ ಅಣ್ಣಾ. ಗೋಡೆ ಎದ್ದಿದೆ, ಚಾವಣಿಯನ್ನು ಇವರೇ ಹಾಕಿಕೊಳ್ಳಬಲ್ಲರು. ನಾವು ಬಂದ ಗುಡ್ಡದ ದಾರಿಯಲ್ಲೇ ಹೊರಡೋಣ." ವ್ಯಾಪಾರಿ ಅವಳ ಮೇಲೆ ಸಿಟ್ಟಾದ. ದೇವರ ಕೆಲಸವನ್ನು ಅರ್ಧಕ್ಕೆ ಬಿಟ್ಟು ಓಡಿಹೋಗುವುದೇ ಎಂದ. ಮಾಸ್ತರನನ್ನು ಕರೆದು, ಹೊಳೆ ಇಳಿಯುವ ತನಕ ನಾವು ಇಲ್ಲೇ ಇರುತ್ತೇವೆ, ಊರಿಗೆ ಹೇಳಿ ಎಂದ.

ಹೋಗಿ ಎನ್ನುವ ಮಾತು ಆ ಸೀಮೆಯವರ ನಾಲಿಗೆಗೆ ಬರುವುದಿಲ್ಲ. ಮಾಸ್ತರ ಸುತ್ತುಬಳಸಿ ಹೇಳಿದ, "ನಿಮ್ಮ ಮನೆಯವರು ನಿಮ್ಮ ದಾರಿ ಕಾಯುತ್ತಿರಬಹುದು."

ವ್ಯಾಪಾರಿ ಮಾಸ್ತರನನ್ನು ಅಪ್ಪಿಕೊಂಡ. "ಇವರೂ ನಮ್ಮ ಮನೆಯವರೇ ಅಲ್ಲವೇ ಮಾಸ್ತರೇ?"

ಒಂದು ಮಾತು ಹೇಳಿದ್ದರೆ ವ್ಯಾಪಾರಿ ಒಂದಲ್ಲ, ಹತ್ತು ಬೆಳಿಗ್ಗೆ ಬಿಟ್ಟುಕೊಡುತ್ತಿದ್ದ. ಹುಡುಗಿಯ ವಿಷಯ ಗೊತ್ತಾಗಿದ್ದರೆ ಅದೇ ಗಳಿಗೆ ಗಂಟುಮೂಟೆ ಕಟ್ಟುತ್ತಿದ್ದ. ನನಗೆ ಅದರಲ್ಲಿ ಸಂಶಯ ಇಲ್ಲ. ಅವನ ಬಗ್ಗೆ ನನಗೆ ಸಿಟ್ಟೂ ಇಲ್ಲ. ಸಂಕಟ ಆಗುತ್ತದೆ ಅಷ್ಟೇ. ಅವರು ಇನ್ನೂ ಇರುತ್ತಾರೆ ಎಂದು ಮಾಸ್ತರ ಊರಿಗೆ ಸಾರಿದ. ಊರು ಚಪ್ಪಾಳೆ ತಟ್ಟಿತು. ಮಾಸ್ತರನೂ ತಟ್ಟಿದ.

ಹುಣ್ಣಿಮೆ ಕಳೆಯಿತು. ಮರುದಿನ ಬೆಳಿಗ್ಗೆ ಗುಡ್ಡದಾಚೆಯವರು ಬಂದರು. ಹುಡುಗಿಯ ತಂದೆ ಹೊಸ್ತಿಲಲ್ಲಿ ನಿಂತ. ಪಾಠಕ್ಕೆ ಕೂತಿದ್ದಾಳೆ ಎಂದು ಹೇಳಲು ಬಾಯಿ ತೆರೆದ. ಎದುರಿಗೇ ಕೊಟ್ಟಿಗೆ ಕಾಣುತ್ತಿತ್ತು, ಸಿಮೆಂಟ್ ಚೀಲ ತುಂಬಿಕೊಂಡು. ತಂದೆ ಬಾಗಿಲ ಪಕ್ಕಕ್ಕೆ ಸರಿದು ಅವರನ್ನು ಒಳಗೆ ಕರೆದ. ಅವನು ಅತ್ತನಂತೆ. ಅತ್ತರೆ ಏನು ಬಂತು?

ಮದುವೆಯ ಮೆರವಣಿಗೆ ಕಟ್ಟಡದ ಮುಂದೆಯೇ ಹಾದುಹೋಯಿತು. ಡೋಲಿನ ಸದ್ದು ಕೇಳಿ ಎಲ್ಲರೂ ಕೆಲಸ ಬಿಟ್ಟು ಹೊರಗೆ ಓಡಿ ಬಂದರು. ಎಂಥ ಭಾಗ್ಯ, ಇಲ್ಲಿಯ ಮದುವೆ ನೋಡಲು ಸಿಕ್ಕಿತು ಎಂದು ಹುಡುಗರು ಫೋಟೊ ತೆಗೆದರು. ಗುಮಾಸ್ತನ ಹೆಂಡತಿ ತನ್ನ ಕೊರಳಿನ ಮಣಿಸರ ತೆಗೆದು ಮದುವಣಗಿತ್ತಿಗೆ ಹಾಕಿದಳು. ದಾದಿ ಮಾತ್ರ ಆ ಹುಡುಗಿಯ ವಯಸ್ಸು ನೋಡಿ ಮುಖ ತಿರುಗಿಸಿಕೊಂಡಳು. "ಇದು ಇವರ ಪದ್ಧತಿ, ನಾವು ಮಾತಾಡಬಾರದು" ಎಂದು ವ್ಯಾಪಾರಿ ಅವಳ ಕಿವಿಯಲ್ಲಿ ಹೇಳಿದ. ಆದರೂ ಬರಿಗೈಯಲ್ಲಿ ಕಳುಹಿಸಬಾರದು ಎಂದು ಒಳಗೆ ಹೋಗಿ, ಶಾಲೆಯ ಮಕ್ಕಳಿಗೆ ಹಂಚಲು ತಂದಿದ್ದ ಪಾಟಿಚೀಲಗಳಲ್ಲಿ ಒಂದನ್ನು ತಂದು ಅವಳ ಕೈಗೆ ಕೊಟ್ಟ. ತಲೆಯ ಮೇಲೆ ಕೈಯಿಟ್ಟು ಹರಸಿದ. ಒಂದು ಕೀರ್ತನೆಯನ್ನೂ ಹಾಡಿದರು. ಮಾಸ್ತರ ಪಕ್ಕದಲ್ಲಿ ನಿಂತು ಆ ಹರಕೆಯ ಮಾತುಗಳನ್ನು ಒಂದೊಂದಾಗಿ ಅವಳಿಗೆ ಅವಳ ಭಾಷೆಯಲ್ಲಿ ಹೇಳಿದ. ಹೇಳಲೇಬೇಕಿತ್ತು, ಅವನು ಹೊಣೆಗಾರ.

ಹುಡುಗಿ ತಲೆ ಎತ್ತಿ ಮಾಸ್ತರನನ್ನು ನೋಡಿದಳು. "ಇವರು ಯಾವಾಗ ಹೋಗುತ್ತಾರೆ ಮಾಸ್ತರೇ?" ಎಂದಳು.

"ಏನಂದಳು? ಏನಂದಳು ಮಗು?" ಎಂದು ವ್ಯಾಪಾರಿ ಕೇಳಿದ.

"ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದಾಳೆ" ಎಂದ ಮಾಸ್ತರ.

ವ್ಯಾಪಾರಿ ಕಣ್ಣೊರೆಸಿಕೊಂಡ. ಬರುತ್ತೇವೆ ತಾಯೀ, ಖಂಡಿತ ಬರುತ್ತೇವೆ ಎಂದ. ಮೆರವಣಿಗೆ ಗುಡ್ಡ ಹತ್ತಿತು.

ಹೊಳೆ ಇಳಿಯಿತು, ತಗಡು ಬಂತು, ಶಾಲೆ ಮುಗಿಯಿತು. ಚೆಂದವಾಗಿಯೇ ಇತ್ತು. ನೀಲಿ ಬಾಗಿಲು, ಗಾಳಿ ಬೆಳಕು ಬರುವ ಕಿಟಕಿ. ಸ್ತೋತ್ರದ ಆರಾಧನೆ ನಡೆಸಿ, ಮಾಸ್ತರನ ಕೈಗೆ ಬೀಗದಕೈ ಕೊಟ್ಟು, ಎಲ್ಲರೂ ಅತ್ತು ಅಪ್ಪಿಕೊಂಡು ಹೊರಟರು. ಮಾಸ್ತರ ಊರ ಗಡಿಯ ತನಕ ಅವರ ಮುಂದೆ ನಡೆದು ಬಿಟ್ಟು ಬಂದ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದು ಕೂತ. ಗಂಡುಮಕ್ಕಳು ಬಂದರು. ಹುಡುಗಿಯರಲ್ಲಿ ಒಬ್ಬಳೂ ಬರಲಿಲ್ಲ. ಮಾಸ್ತರ ಮತ್ತೆ ಮನೆಮನೆ ತಿರುಗಿದ. ಈ ಸಲ ಯಾರೂ ಬೈಯಲಿಲ್ಲ, ಕಲ್ಲು ಬೀಸಲಿಲ್ಲ. ಕೂರಿಸಿ ಮಜ್ಜಿಗೆ ಕೊಟ್ಟರು. "ಕರಾರು ಒಂದು ಸಲ ಮುರಿಯಿತಲ್ಲ ಮಾ‌ಸ್ತರಪ್ಪಾ. ಇನ್ನು ನಾವು ಪಾಠಕ್ಕೆ ಕೂತಿದ್ದಾಳೆ ಎಂದರೆ ಆಚೆಯವರು ನಗುತ್ತಾರೆ" ಎಂದರು. ಆ ಸುಗ್ಗಿಯೊಳಗೆ ಉಳಿದ ಹುಡುಗಿಯರನ್ನೂ ಒಬ್ಬೊಬ್ಬಳಾಗಿ ಕೊಟ್ಟು ಮುಗಿಸಿದರು.

ಮಾಸ್ತರ ಒಂದು ದಿನ ಗುಡ್ಡ ಹತ್ತಿ ಇಳಿದು ಆ ಹುಡುಗಿಯ ಮನೆಗೆ ಹೋದ. ಅವಳು ಕಾಳು ಕುಟ್ಟುತ್ತಿದ್ದಳು. ಪಾಟಿಚೀಲ ಗೂಟಕ್ಕೆ ನೇತಾಡುತ್ತಿತ್ತು. ಅದರಲ್ಲಿ ಬಿತ್ತನೆಯ ಬೀಜ ತುಂಬಿದ್ದರು. ಮಾಸ್ತರ ತನ್ನ ಅಂಗಿಯ ಜೇಬಿನಿಂದ ಬಳಪದ ತುಂಡು ತೆಗೆದು ನೆಲದ ಮೇಲೆ ಒಂದು ಲೆಕ್ಕ ಬರೆದ. ಅವಳು ಒನಕೆ ನಿಲ್ಲಿಸಿ ನೋಡಿದಳು. ಒಳಗಿನಿಂದ ಅತ್ತೆ ಕೂಗಿದಳು. "ಕೈ ಖಾಲಿ ಇಲ್ಲ ಮಾಸ್ತರೇ" ಎಂದು ಮತ್ತೆ ಕುಟ್ಟತೊಡಗಿದಳು. ಮಾಸ್ತರ ಎದ್ದು ಬಂದ. ಗುಡ್ಡದ ಮೇಲೆ ಕೂತು, ಅಕ್ಕಪಕ್ಕ ಯಾರೂ ಇಲ್ಲದ್ದರಿಂದ, ಗಟ್ಟಿಯಾಗಿ ಅತ್ತ. ಆಮೇಲೆ ಅವನು ಆ ಊರಿನಲ್ಲಿ ಬಹಳ ಕಾಲ ಇರಲಿಲ್ಲ. ಪಟ್ಟಣಕ್ಕೆ ಹೋದ ಎನ್ನುತ್ತಾರೆ. ಅವನು ಹೋದ ಮೇಲೆ ಗಂಡುಮಕ್ಕಳೂ ಆಡು ಕಾಯಲು ಹೋದರು.

ವ್ಯಾಪಾರಿ ಇತ್ತ ಊರಿಗೆ ಬಂದು ದೇವರು ತಮ್ಮನ್ನು ನಡೆಸಿದ್ದರ ಬಗ್ಗೆ ಸಭೆಯಲ್ಲಿ ಸಾಕ್ಷಿ ಹೇಳಿದ. ಗೋಡೆಯ ಮೇಲೆ ಫೋಟೊಗಳನ್ನು ದೊಡ್ಡದಾಗಿ ತೋರಿಸಿದರು. ಶಾಲೆ, ನೀಲಿ ಬಾಗಿಲು, ಪಾಟಿಚೀಲ ಹಿಡಿದ ಮದುವಣಗಿತ್ತಿ. "ಮತ್ತೆ ಯಾವಾಗ ಬರುತ್ತೀರಿ ಎಂದು ಈ ಮಗು ನಮ್ಮನ್ನು ಕೇಳಿದಳು" ಎಂದು ಹೇಳಿದ. ಸಭೆಯಲ್ಲಿ ಅಳದವರು ಯಾರೂ ಇರಲಿಲ್ಲ.

ಹನೋಕರು ಕತೆ ನಿಲ್ಲಿಸಿದರು. ಸುಜ್ಞಾನನ ಮುಖ ಕೆಂಪಾಗಿತ್ತು.

"ಇದೆಲ್ಲ ನಿಮಗೆ ಹೇಗೆ ಗೊತ್ತು ಅಯ್ಯನವರೇ? ಯಾರು ಹೇಳಿದರು?"

"ಕತೆಗೆ ಜಾಮೀನು ಕೇಳುತ್ತೀಯಾ? ಬೇಡವಾದರೆ ಇಲ್ಲೇ ಬಿಟ್ಟು ಹೋಗು."

"ಹಾಗಲ್ಲ. ಆ ವ್ಯಾಪಾರಿಯ ತಪ್ಪೇನು? ಯಾರೂ ಅವನಿಗೆ ಹೇಳಲಿಲ್ಲ."

"ತಪ್ಪು ಅವನದು ಎಂದು ನಾನು ಒಮ್ಮೆಯಾದರೂ ಹೇಳಿದೆನೇ?"

ಸುಜ್ಞಾನ ಬೆನ್ನು ನೆಟ್ಟಗೆ ಮಾಡಿ ಕೂತ. "ನಾವು ಅವರ ಹಾಗೆ ಹೋಗುತ್ತಿಲ್ಲ ಅಯ್ಯನವರೇ. ಎಲ್ಲ ವಿಚಾರಿಸಿದ್ದೇವೆ. ಜಾಗದ ಅಳತೆ ಗೊತ್ತು. ಇಟ್ಟಿಗೆ ಎಲ್ಲಿ ಸಿಗುತ್ತದೆ, ಮಳೆ ಯಾವಾಗ ಹಿಡಿಯುತ್ತದೆ, ತಗಡು ಯಾವ ದಾರಿಯಲ್ಲಿ ಬರಬೇಕು, ಆಸ್ಪತ್ರೆ ಎಷ್ಟು ದೂರ, ಎಲ್ಲ ಗೊತ್ತು. ಆ ಊರಿನ ಬಗ್ಗೆ ನೀವು ಏನು ಬೇಕಾದರೂ ಕೇಳಿ, ಹೇಳುತ್ತೇನೆ. ಸರಿಯಾಗಿ ಹೇಳಿದರೆ ಭಾನುವಾರ ಬಂದು ನಮ್ಮನ್ನು ಹರಸಬೇಕು."

"ಆಗಲಿ" ಎಂದರು ಹನೋಕರು. "ಈಗ ಅಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿರುವವರ ಹೆಸರೇನು ತಮ್ಮಾ?"

ಸುಜ್ಞಾನ ಬಾಯಿ ತೆರೆದ. "ಅದೊಂದನ್ನು ನಾವು ವಿಚಾರಿಸಿಲ್ಲ ಅಯ್ಯನವರೇ" ಎಂದ.